ಕಾಯುವ ದುಡ್ಡು

ನನ್ನ ಪಿಎಚ್‌ಡಿ ಪ್ರಬಂಧದ ಒಂದು ಅಧ್ಯಾಯದ ಕರಡಿನಲ್ಲಿ ‘ರೇವಾ ಸೋತಿತು, ಟೆಸ್ಲಾ ಗೆದ್ದಿತು’ ಎಂಬ ವಾಕ್ಯವೊಂದಿತ್ತು. ಮಾರ್ಗದರ್ಶಕರು ಅದರ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದು, ಪಕ್ಕದಲ್ಲಿ ‘ಯಾರ ಲೆಕ್ಕದಲ್ಲಿ?’ ಎಂದಷ್ಟೇ ಬರೆದು ವಾಪಸು ಕೊಟ್ಟರು. ಒಂದೇ ಸಾಲಿನ ತಿದ್ದುಪಡಿ ಅಲ್ಲವೇ, ಸಂಜೆಯೊಳಗೆ ಮುಗಿಸಿಬಿಡೋಣ ಅಂದುಕೊಂಡಿದ್ದೆ. ಅದಕ್ಕೆ ಉತ್ತರ ಹುಡುಕುತ್ತಾ ನೂರಿಪ್ಪತ್ತು ವರ್ಷ ಹಿಂದಕ್ಕೆ ಹೋಗಬೇಕಾಯಿತು. ಈ ಬರಹ ಆ ಹುಡುಕಾಟದ ಫಲ.

ಆ ವಾಕ್ಯ ಬರೆಯುವಾಗ ನನ್ನ ಮನಸ್ಸಿನಲ್ಲಿದ್ದದ್ದು 2010ರ ಎರಡು ಘಟನೆಗಳು. ಆ ವರ್ಷದ ಮೇ ತಿಂಗಳ ಕೊನೆಯ ವಾರ ಬೆಂಗಳೂರಿನ ರೇವಾ ಎಲೆಕ್ಟ್ರಿಕ್ ಕಾರ್ ಕಂಪನಿಯ ಶೇಕಡಾ 55.2 ಪಾಲನ್ನು ಮಹೀಂದ್ರಾ ಅಂಡ್ ಮಹೀಂದ್ರಾ ಕೊಂಡುಕೊಂಡಿತು. ಅದಾಗಿ ಐದು ವಾರ ಕಳೆಯುವಷ್ಟರಲ್ಲಿ, ಜೂನ್ 29ರಂದು, ಅಮೆರಿಕದ ನಾಸ್ಡಾಕ್ ಷೇರುಪೇಟೆಯಲ್ಲಿ ಟೆಸ್ಲಾದ ಷೇರು ಮೊದಲ ಸಲ ವಹಿವಾಟಿಗೆ ಬಂತು. 17 ಡಾಲರಿಗೆ ಹಂಚಿದ ಷೇರು ಅಂದಿನ ವಹಿವಾಟು ಮುಗಿಯುವಾಗ 23.89 ಡಾಲರ್ ಆಗಿತ್ತು. ಒಟ್ಟು 22.6 ಕೋಟಿ ಡಾಲರಿನ ಷೇರು ಮಾರಾಟವಾಯಿತು. ಅಮೆರಿಕದ ಕಾರು ಕಂಪನಿಯೊಂದು ಹೀಗೆ ಜನರಿಗೆ ಷೇರು ಮಾರಿದ್ದು 1956ರಲ್ಲಿ ಫೋರ್ಡ್ ಮಾರಿದ ಮೇಲೆ ಅದೇ ಮೊದಲು.

ಎರಡೂ ಕಂಪನಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಒಂದು ಸಂಗತಿ ವಿಚಿತ್ರವಾಗಿ ಕಾಣುತ್ತದೆ. 2010ರ ಮಾರ್ಚ್ ಕೊನೆಯವರೆಗೆ ಟೆಸ್ಲಾ ಮಾರಿದ್ದ ಕಾರುಗಳು 1,063. ಆ ಹೊತ್ತಿಗೆ ರೇವಾ ಮಾರಿದ್ದು ಮೂರು ಸಾವಿರಕ್ಕೂ ಹೆಚ್ಚು. 1994ರಲ್ಲಿ ಬೆಂಗಳೂರಿನ ಮೈನಿ ಸಮೂಹ ಮತ್ತು ಕ್ಯಾಲಿಫೋರ್ನಿಯಾದ ಅಮೆರಿಗಾನ್ ಸೇರಿ ಕಟ್ಟಿದ ಈ ಕಂಪನಿಯ ಪುಟ್ಟ ಎರಡು ಬಾಗಿಲಿನ ಕಾರು 2001ರಿಂದ ನಮ್ಮ ರಸ್ತೆಗಳಲ್ಲಿ ಓಡುತ್ತಿತ್ತು. ಲಂಡನ್ನಿನಲ್ಲಿ ಅದೇ ಕಾರು ಜಿ-ವಿಜ್ ಎಂಬ ಹೆಸರಿನಲ್ಲಿ, ನಗರದ ದಟ್ಟಣೆ ಶುಲ್ಕದಿಂದ ವಿನಾಯಿತಿ ಪಡೆದು ಓಡಾಡುತ್ತಿತ್ತು. ಇತ್ತ ಟೆಸ್ಲಾ ಹುಟ್ಟಿದ್ದು 2003ರಲ್ಲಿ, ಮೊದಲ ಕಾರು ಕೊಟ್ಟದ್ದು 2008ರಲ್ಲಿ. ಷೇರುಪೇಟೆಗೆ ಬರುವ ಹೊತ್ತಿಗೆ ಅದರ ಒಟ್ಟು ನಷ್ಟ ಸುಮಾರು 29 ಕೋಟಿ ಡಾಲರ್. ಮೊದಲು ಬಂದದ್ದು, ಹೆಚ್ಚು ಮಾರಿದ್ದು ಬೆಂಗಳೂರಿನ ಕಂಪನಿ. ಆದರೂ ಒಂದು ಕಂಪನಿ ತನ್ನನ್ನು ತಾನು ಮಾರಿಕೊಳ್ಳಬೇಕಾಯಿತು, ಇನ್ನೊಂದರ ಷೇರಿಗೆ ಜನ ಮುಗಿಬಿದ್ದರು.

ಎರಡಕ್ಕೂ ದುಡ್ಡು ಹಾಕಿದವರಲ್ಲಿ ಒಂದು ಹೆಸರು ಸಮಾನ. ಕ್ಯಾಲಿಫೋರ್ನಿಯಾದ ಡ್ರೇಪರ್ ಫಿಷರ್ ಜರ್ವೆಟ್ಸನ್ ಎಂಬ ಹೂಡಿಕೆ ಸಂಸ್ಥೆ 2006ರಲ್ಲಿ ಟೆಸ್ಲಾದಲ್ಲಿ ಹಣ ಹಾಕಿತು. ಅದೇ ವರ್ಷದ ಕೊನೆಗೆ ರೇವಾ ಪಡೆದ 2 ಕೋಟಿ ಡಾಲರ್ ಹೂಡಿಕೆಯಲ್ಲೂ ಅದರ ಪಾಲಿತ್ತು. ಹಾಗಾಗಿ ‘ಹೂಡಿಕೆದಾರರಿಗೆ ಬೆಂಗಳೂರಿನ ಕಾರು ಕಾಣಲೇ ಇಲ್ಲ’ ಎನ್ನುವ ಸುಲಭದ ದೂರನ್ನು ಹೇಳುವಂತಿಲ್ಲ. ಕಂಡಿತ್ತು, ದುಡ್ಡೂ ಹಾಕಿದ್ದರು. ಹಾಗಾದರೆ ವ್ಯತ್ಯಾಸ ಹುಟ್ಟಿದ್ದು ಎಲ್ಲಿ?

ಕಾರುಗಳೇ ಬೇರೆ ಬೇರೆ ಥರದವು ಎನ್ನುವುದು ಮೊದಲ ಉತ್ತರ. ಅದು ನಿಜವೂ ಹೌದು. ರೇವಾ ಸೀಸ-ಆಮ್ಲದ ಬ್ಯಾಟರಿಯ ಮೇಲೆ ಸುಮಾರು 80 ಕಿ.ಮೀ. ಓಡುವ, ಪೇಟೆಯೊಳಗಿನ ಓಡಾಟಕ್ಕೆ ಮಾಡಿದ ಅಗ್ಗದ ಗಾಡಿ. ಟೆಸ್ಲಾ ರೋಡ್‌ಸ್ಟರ್ ಲಿಥಿಯಂ ಬ್ಯಾಟರಿಯ, ಲಕ್ಷ ಡಾಲರ್ ದಾಟಿದ ಬೆಲೆಯ, ಸಿರಿವಂತರ ಕಾರು. ಆದರೆ ಇದನ್ನೇ ಪೂರ್ತಿ ಉತ್ತರ ಎಂದುಕೊಂಡರೆ, ಮುಂದಿನ ಹತ್ತು ವರ್ಷ ಟೆಸ್ಲಾ ಎಷ್ಟು ಸಲ ಎಡವಿತು, ಎಡವಿದಾಗಲೆಲ್ಲ ಅದನ್ನು ಎತ್ತಿ ನಿಲ್ಲಿಸಿದ್ದು ಏನು ಎಂಬ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಅದನ್ನು ತಿಳಿಯಲು ಎಲೆಕ್ಟ್ರಿಕ್ ಕಾರಿನ ಮೊದಲ ಜನ್ಮದ ಕಡೆ ಒಮ್ಮೆ ನೋಡಬೇಕು.

* * *

1900ರಲ್ಲಿ ಅಮೆರಿಕದಲ್ಲಿ ತಯಾರಾದ ಮೋಟಾರು ವಾಹನಗಳು 4,192. ಅದರಲ್ಲಿ ಉಗಿಯಿಂದ ಓಡುವವು 1,681, ವಿದ್ಯುತ್ತಿನಿಂದ ಓಡುವವು 1,575, ಪೆಟ್ರೋಲಿನವು 936. ಈ ಅಂಕಿಗಳನ್ನು ಮೊದಲ ಸಲ ಓದುವ ಯಾರಿಗೂ ಆಶ್ಚರ್ಯವಾಗುತ್ತದೆ. ಪೆಟ್ರೋಲ್ ಕಾರು ಮೂರನೆಯ ಸ್ಥಾನದಲ್ಲಿತ್ತು. ಅಂದಿನ ಹೂಡಿಕೆದಾರನ ಕಣ್ಣಿಗೆ ವಿದ್ಯುತ್ ಕಾರೇ ಭವಿಷ್ಯ ಎಂದು ಕಂಡಿದ್ದರೆ ಅದರಲ್ಲಿ ತಪ್ಪೇನಿಲ್ಲ. ಹೊಗೆಯಿಲ್ಲ, ಸದ್ದಿಲ್ಲ, ಮುಂದೆ ನಿಂತು ಹ್ಯಾಂಡಲ್ ತಿರುಗಿಸುವ ಕಷ್ಟವಿಲ್ಲ.

1897ರಲ್ಲಿ ಫಿಲಡೆಲ್ಫಿಯಾದ ಬ್ಯಾಟರಿ ಉದ್ಯಮಿ ಐಸಾಕ್ ರೈಸ್ ‘ಎಲೆಕ್ಟ್ರಿಕ್ ವೆಹಿಕಲ್ ಕಂಪನಿ’ ಕಟ್ಟಿದ. ನ್ಯೂಯಾರ್ಕಿನಲ್ಲಿ ವಿದ್ಯುತ್ ಕ್ಯಾಬುಗಳನ್ನು ಬಾಡಿಗೆಗೆ ಓಡಿಸುವುದು ಅದರ ಕೆಲಸ. ಬ್ಯಾಟರಿ ಖಾಲಿಯಾದ ಕ್ಯಾಬು ನಿಲ್ದಾಣದೊಳಗೆ ಬಂದರೆ, ಯಂತ್ರದ ನೆರವಿನಿಂದ ಹಳೆಯ ಬ್ಯಾಟರಿ ತೆಗೆದು ತುಂಬಿದ ಬ್ಯಾಟರಿ ಕೂರಿಸಿ ಕಳುಹಿಸುತ್ತಿದ್ದರು. ಈಗ ನಾವು ಹೊಸದೆಂದು ಮಾತಾಡುವ ಬ್ಯಾಟರಿ ಬದಲಾವಣೆ ಆಗಲೇ ಮ್ಯಾನ್‌ಹಟನ್ನಿನಲ್ಲಿ ನಡೆಯುತ್ತಿತ್ತು. ಸಣ್ಣ ಪ್ರಮಾಣದಲ್ಲಿ, ತಿಳಿದವರ ಕೈಯಲ್ಲಿ ಆ ವ್ಯವಸ್ಥೆ ನಡೆಯುತ್ತಲೂ ಇತ್ತು.

1899ರಲ್ಲಿ ದೊಡ್ಡ ದುಡ್ಡು ಬಂತು. ವಿಲಿಯಂ ವಿಟ್ನಿ ಹಿಂದೆ ಅಮೆರಿಕದ ನೌಕಾಪಡೆಯ ಸಚಿವನಾಗಿದ್ದವನು, ನ್ಯೂಯಾರ್ಕಿನ ಟ್ರಾಮ್ ವ್ಯವಸ್ಥೆಯಿಂದ ಹಣ ಮಾಡಿದ್ದವನು. ಅವನಿಗೆ ಕಾರು ಕಂಡದ್ದು ಹಳಿಯಿಲ್ಲದ ಟ್ರಾಮಿನ ಹಾಗೆ. ಒಂದು ನಗರದ ಸಂಚಾರವನ್ನೆಲ್ಲ ಒಂದೇ ಕಂಪನಿಯ ಕೈಗೆ ತೆಗೆದುಕೊಳ್ಳುವುದು, ಆಮೇಲೆ ಬಾಡಿಗೆ ಎಣಿಸುವುದು ಅವನಿಗೆ ಗೊತ್ತಿದ್ದ ದಾರಿ. ಅದನ್ನೇ ಎಲ್ಲ ಊರಿಗೂ ಹಾಸಲು ಹೊರಟ. ಬಾಸ್ಟನ್, ಷಿಕಾಗೊ, ಫಿಲಡೆಲ್ಫಿಯಾ ಹೀಗೆ ನಗರಕ್ಕೊಂದು ಅಂಗಸಂಸ್ಥೆ ಹುಟ್ಟಿತು. ಸಾವಿರಾರು ಕ್ಯಾಬುಗಳ ಮಾತು ಕೇಳಿ ಷೇರುಗಳು ಖರ್ಚಾದವು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗಾಯಿತು. ಕ್ಯಾಬುಗಳು ಬಂದಾಗ ಅವುಗಳ ಬ್ಯಾಟರಿಯನ್ನು ನೋಡಿಕೊಳ್ಳಬಲ್ಲ ನುರಿತ ಕೈಗಳೇ ಬಹುತೇಕ ಊರುಗಳಲ್ಲಿ ಇರಲಿಲ್ಲ. 1899ರ ಕೊನೆಗೆ ಕಂಪನಿಯ ಸಾಲವೊಂದರ ಬಗ್ಗೆ ನ್ಯೂಯಾರ್ಕ್ ಹೆರಾಲ್ಡ್ ಪತ್ರಿಕೆ ಬರೆದದ್ದೇ ತಡ, ಷೇರು ಬಿತ್ತು. ಪತ್ರಿಕೆಗಳು ಈ ಕೂಟವನ್ನು ‘ಸೀಸದ ಕ್ಯಾಬ್ ಟ್ರಸ್ಟ್’ ಎಂದು ಆಡಿಕೊಂಡವು. 1907ರಲ್ಲಿ ಕಂಪನಿ ದಿವಾಳಿಯಾಯಿತು.

ಇದರ ನಡುವೆ ಇನ್ನೊಂದು ವಿಪರ್ಯಾಸವಿದೆ. ರಾಚೆಸ್ಟರಿನ ಜಾರ್ಜ್ ಸೆಲ್ಡನ್ ಎಂಬ ವಕೀಲ ಪೆಟ್ರೋಲ್ ಕಾರಿನ ಮೇಲೆ 1895ರಲ್ಲಿ ಪಡೆದ ಪೇಟೆಂಟಿನ ಹಕ್ಕನ್ನು ಈ ಎಲೆಕ್ಟ್ರಿಕ್ ಕಂಪನಿ ಕೊಂಡಿತ್ತು. ಕೊನೆಕೊನೆಗೆ ಪೆಟ್ರೋಲ್ ಕಾರು ಮಾಡುವವರಿಂದ ಬರುವ ರಾಯಧನವೇ ವಿದ್ಯುತ್ ಕಂಪನಿಗೆ ಆಸರೆಯಾಯಿತು. ಹೆನ್ರಿ ಫೋರ್ಡ್ ಆ ರಾಯಧನ ಕೊಡಲು ಒಪ್ಪದೆ ಕೋರ್ಟಿನಲ್ಲಿ ಹೋರಾಡಿದ, 1911ರಲ್ಲಿ ಮೇಲ್ಮನವಿಯಲ್ಲಿ ಗೆದ್ದ. ಅಷ್ಟರಲ್ಲಿ ಅವನ ಮಾಡೆಲ್ ಟಿ ಬಂದು ಎರಡು ವರ್ಷ ದಾಟಿತ್ತು. ಮರುವರ್ಷ ಕ್ಯಾಡಿಲಾಕ್ ಕಾರಿಗೆ ವಿದ್ಯುತ್ ಸ್ಟಾರ್ಟರ್ ಬಂತು. ಹ್ಯಾಂಡಲ್ ತಿರುಗಿಸುವ ಕಷ್ಟ ಪೆಟ್ರೋಲ್ ಕಾರಿಗೂ ತಪ್ಪಿತು.

ವಿದ್ಯುತ್ ಕಾರು ಅಂದು ಸೋತದ್ದು ಬ್ಯಾಟರಿಯ ದೌರ್ಬಲ್ಯದಿಂದ ಮಾತ್ರ ಎಂದು ಬಹಳ ಕಾಲ ನಂಬಲಾಗಿತ್ತು. ಡೇವಿಡ್ ಕರ್ಶ್ ಎಂಬ ಇತಿಹಾಸಕಾರ 2000ದಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಈ ನಂಬಿಕೆಯನ್ನು ಅಲುಗಾಡಿಸಿದರು. ತಂತ್ರಜ್ಞಾನದ ಜೊತೆಗೆ ಅದನ್ನು ನಡೆಸಿದ ಸಂಸ್ಥೆಗಳ ಸೋಲನ್ನೂ ನೋಡಬೇಕು ಎನ್ನುವುದು ಅವರ ವಾದ. ನನಗೆ ಇದರಿಂದ ಸಿಕ್ಕ ಪಾಠ ಹೀಗಿದೆ. ವಿಟ್ನಿಯ ಬಳಿ ದುಡ್ಡಿಗೆ ಬರವಿರಲಿಲ್ಲ. ಆ ದುಡ್ಡಿಗೆ ಅವಸರವಿತ್ತು. ಬ್ಯಾಟರಿ ಸುಧಾರಿಸುವ ತನಕ, ಮೆಕ್ಯಾನಿಕ್ಕುಗಳು ಕಲಿಯುವ ತನಕ ಕಾಯುವ ದುಡ್ಡು ಅದಾಗಿರಲಿಲ್ಲ.

* * *

ಕಾಯುವುದು ದೊಡ್ಡ ಕಂಪನಿಗಳಿಗಾದರೂ ಸಾಧ್ಯವಿತ್ತಲ್ಲ ಎಂದು ಕೇಳಬಹುದು. 1990ರಲ್ಲಿ ಕ್ಯಾಲಿಫೋರ್ನಿಯಾ ಸರ್ಕಾರ ಒಂದು ನಿಯಮ ತಂದಿತು. 1998ರ ಹೊತ್ತಿಗೆ ಅಲ್ಲಿನ ದೊಡ್ಡ ಕಾರು ತಯಾರಕರು ಮಾರುವ ಗಾಡಿಗಳಲ್ಲಿ ನೂರಕ್ಕೆ ಎರಡಾದರೂ ಹೊಗೆಯಿಲ್ಲದವು ಇರಬೇಕು ಎಂದು. ಜನರಲ್ ಮೋಟಾರ್ಸ್ 1996ರಲ್ಲಿ ಇವಿ1 ಎಂಬ ಚೆಂದದ ಎಲೆಕ್ಟ್ರಿಕ್ ಕಾರು ತಂದಿತು. 1,117 ಕಾರು ಮಾಡಿ, ಮಾರದೆ ಬಾಡಿಗೆ ಒಪ್ಪಂದದ ಮೇಲೆ ಮಾತ್ರ ಕೊಟ್ಟಿತು. ನಿಯಮ ಸಡಿಲವಾದ ಮೇಲೆ ಕಾರುಗಳನ್ನು ವಾಪಸು ಪಡೆದು ಬಹುಪಾಲನ್ನು ಜಜ್ಜಿ ಗುಜರಿಗೆ ಹಾಕಿತು. ಕೆಲವು ವಸ್ತುಸಂಗ್ರಹಾಲಯ ಸೇರಿದವು.

ಇದನ್ನು ಖಳನಾಯಕನ ಕತೆಯಾಗಿ ಹೇಳುವುದು ಸುಲಭ. ಷೇರುದಾರನ ಕಡೆಯಿಂದ ನೋಡಿದರೆ ಬೇರೆ ಚಿತ್ರ ಕಾಣುತ್ತದೆ. ಹಳೆಯ ಕಾರು ಕಂಪನಿಯ ಷೇರು ಕೊಳ್ಳುವವರು ಬೇಡುವುದು ವರ್ಷ ವರ್ಷದ ಲಾಭಾಂಶ. ಎಂಜಿನ್ ಕಾರ್ಖಾನೆ, ವಿತರಕರ ಜಾಲ, ನಿವೃತ್ತ ನೌಕರರ ಪಿಂಚಣಿ ಇವೆಲ್ಲ ಕಟ್ಟಿಕೊಂಡ ಸಂಸಾರ. ತನ್ನದೇ ಪೆಟ್ರೋಲ್ ಕಾರಿನ ಲಾಭವನ್ನು ತಿನ್ನುವ ಹೊಸ ಕಾರಿನ ಮೇಲೆ ನಷ್ಟ ಮಾಡಿಕೊಂಡರೆ ಮೂರು ತಿಂಗಳಿಗೊಮ್ಮೆ ಲೆಕ್ಕ ಒಪ್ಪಿಸುವಾಗ ಬೈಸಿಕೊಳ್ಳಬೇಕು. ಕ್ಲೇಟನ್ ಕ್ರಿಸ್ಟೆನ್ಸನ್ 1997ರಲ್ಲಿ ಬರೆದ ‘ದಿ ಇನ್ನೋವೇಟರ್ಸ್ ಡಿಲೆಮಾ’ ಪುಸ್ತಕದ ಒಂದು ಅಧ್ಯಾಯ ಎಲೆಕ್ಟ್ರಿಕ್ ಕಾರನ್ನೇ ಉದಾಹರಣೆಯಾಗಿ ಎತ್ತಿಕೊಳ್ಳುತ್ತದೆ. ಚೆನ್ನಾಗಿ ನಡೆಯುವ ಕಂಪನಿಗಳು ಒಳ್ಳೆಯ ಗ್ರಾಹಕರ ಮಾತು, ಹೂಡಿಕೆದಾರರ ಮಾತು ಕೇಳಿಯೇ ಹೊಸತನ್ನು ಕಳೆದುಕೊಳ್ಳುತ್ತವೆ ಎನ್ನುವುದು ಆ ಪುಸ್ತಕದ ತಿರುಳು. ಜನರಲ್ ಮೋಟಾರ್ಸ್ ಸೋಮಾರಿಯಾಗಿ ಕೂತಿರಲಿಲ್ಲ. ಅದರ ದುಡ್ಡು ಬೇರೆ ಕೆಲಸಕ್ಕೆ ಬರೆದುಕೊಟ್ಟ ದುಡ್ಡಾಗಿತ್ತು. 2009ರ ಜೂನ್ 1ರಂದು ಅದೇ ಕಂಪನಿ ದಿವಾಳಿ ರಕ್ಷಣೆ ಕೋರಿ ಕೋರ್ಟಿಗೆ ಹೋಯಿತು.

ಆ ಕುಸಿತದ ಅಂಚಿನಲ್ಲೇ ಟೆಸ್ಲಾ ಬೆಳೆಯಿತು. 2009ರಲ್ಲಿ ಜರ್ಮನಿಯ ಡೈಮ್ಲರ್ 5 ಕೋಟಿ ಡಾಲರ್ ಕೊಟ್ಟು ಹತ್ತಿರ ಹತ್ತಿರ ಹತ್ತನೇ ಒಂದು ಪಾಲು ಕೊಂಡಿತು. 2010ರಲ್ಲಿ ಟೊಯೊಟಾ ಇನ್ನೊಂದು 5 ಕೋಟಿ ಡಾಲರ್ ಹಾಕಿತು. ಜನರಲ್ ಮೋಟಾರ್ಸ್ ಮತ್ತು ಟೊಯೊಟಾ ಸೇರಿ ನಡೆಸುತ್ತಿದ್ದ ಫ್ರೀಮಾಂಟಿನ ಕಾರ್ಖಾನೆ ಟೆಸ್ಲಾದ ಕೈಗೆ ಬಂತು. ಅಮೆರಿಕದ ಇಂಧನ ಇಲಾಖೆ 46.5 ಕೋಟಿ ಡಾಲರ್ ಸಾಲ ಕೊಟ್ಟಿತು. ಸಾಲವನ್ನು ಟೆಸ್ಲಾ 2013ರಲ್ಲಿ ಅವಧಿಗೆ ಮುಂಚೆಯೇ ತೀರಿಸಿತು ಎನ್ನುವುದೂ ನಿಜ. ಆದರೆ ಒಬ್ಬ ಧೀರ ಉದ್ಯಮಿಯ ಮೇಲೆ ಪೇಟೆ ಇಟ್ಟ ನಂಬಿಕೆಯ ಕತೆ ಎಂದು ಹೇಳುವವರು ಈ ಸರ್ಕಾರಿ ಹಣವನ್ನು ಸಾಮಾನ್ಯವಾಗಿ ಅಡಿಟಿಪ್ಪಣಿಗೆ ತಳ್ಳಿಬಿಡುತ್ತಾರೆ. ಪೇಟೆ ಧೈರ್ಯ ಮಾಡುವ ಮೊದಲು ಸಾರ್ವಜನಿಕರ ದುಡ್ಡು ಧೈರ್ಯ ಮಾಡಿತ್ತು.

* * *

2017ರ ಏಪ್ರಿಲಿನಲ್ಲಿ ಒಂದೇ ವಾರದ ಅಂತರದಲ್ಲಿ ಟೆಸ್ಲಾದ ಮಾರುಕಟ್ಟೆ ಮೌಲ್ಯ ಮೊದಲು ಫೋರ್ಡನ್ನು, ಆಮೇಲೆ ಜನರಲ್ ಮೋಟಾರ್ಸನ್ನು ದಾಟಿತು. ಹಿಂದಿನ ವರ್ಷ ಟೆಸ್ಲಾ ಗ್ರಾಹಕರಿಗೆ ಕೊಟ್ಟ ಕಾರುಗಳು ಸುಮಾರು 76 ಸಾವಿರ. ಜನರಲ್ ಮೋಟಾರ್ಸ್ ಮಾರಿದ್ದು ಸುಮಾರು ಒಂದು ಕೋಟಿ. ಒಂದು ಕಂಪನಿ ಲಾಭದಲ್ಲಿ, ಇನ್ನೊಂದು ನಷ್ಟದಲ್ಲಿ. ಆಗ ಹೂಡಿಕೆದಾರರ ಲೋಕ ಎರಡು ಪಂಗಡವಾಯಿತು.

ಒಂದು ಪಂಗಡ ಇದನ್ನು ಗಾಳಿಗೋಪುರ ಎಂದಿತು. ಕಾರು ಮಾಡುವುದೆಂದರೆ ಉಕ್ಕು, ಅಚ್ಚು, ಬಣ್ಣ, ಗ್ಯಾರಂಟಿ, ದುರಸ್ತಿ. ಅದರಲ್ಲಿ ಲಾಭದ ಅಂಚು ಯಾವತ್ತೂ ತೆಳು. ಹಳಬರು ಮನಸ್ಸು ಮಾಡಿದ ದಿನ ಈ ಹೊಸಬರು ಉಳಿಯುವುದಿಲ್ಲ ಎನ್ನುವುದು ಅವರ ನೋಟ. ಜಿಮ್ ಚಾನೋಸ್, ಡೇವಿಡ್ ಐನ್‌ಹಾರ್ನ್ ಮುಂತಾದ ಹೆಸರಾಂತ ಹೂಡಿಕೆದಾರರು ಟೆಸ್ಲಾ ಷೇರನ್ನು ‘ಷಾರ್ಟ್’ ಮಾಡಿದರು. ಅಂದರೆ ಷೇರನ್ನು ಕಡ ತಂದು ಇಂದಿನ ಬೆಲೆಗೆ ಮಾರಿ, ನಾಳೆ ಬಿದ್ದಾಗ ಅಗ್ಗಕ್ಕೆ ಕೊಂಡು ಹಿಂತಿರುಗಿಸಿ, ನಡುವಿನ ವ್ಯತ್ಯಾಸವನ್ನು ಲಾಭ ಮಾಡಿಕೊಳ್ಳುವುದು. ಬೆಲೆ ಬೀಳದೆ ಏರಿದರೆ ಕೈ ಸುಡುತ್ತದೆ. 2020ರಲ್ಲಿ ಹೀಗೆ ಷಾರ್ಟ್ ಮಾಡಿದವರು ಒಟ್ಟಾರೆ ಕಳೆದುಕೊಂಡದ್ದು ಸಾವಿರಾರು ಕೋಟಿ ಡಾಲರ್.

ಇನ್ನೊಂದು ಪಂಗಡದಲ್ಲಿ ಎಡಿನ್‌ಬರೊ ನಗರದ ಸ್ಕಾಟಿಷ್ ಮಾರ್ಟ್‌ಗೇಜ್ ಎಂಬ ಹಳೆಯ ಹೂಡಿಕೆ ಸಂಸ್ಥೆಯಿತ್ತು. ಇದು ಹುಟ್ಟಿದ್ದು 1909ರಲ್ಲಿ, ಮಲಯದ ರಬ್ಬರ್ ತೋಟಗಾರರಿಗೆ ಸಾಲ ಕೊಡಲು. ಕಾರುಗಳು ಹೆಚ್ಚಿ ಟೈರಿಗೆ ಬೇಡಿಕೆ ಬಂದ ಕಾಲ ಅದು. ನೂರು ವರ್ಷದ ಕೆಳಗೆ ಪೆಟ್ರೋಲ್ ಕಾರಿನ ಏಳಿಗೆಯಿಂದ ಜನ್ಮ ತಾಳಿದ ಸಂಸ್ಥೆ 2013ರಲ್ಲಿ ಟೆಸ್ಲಾ ಷೇರು ಕೊಂಡು ಹಲವು ವರ್ಷ ಬಿಡದೆ ಹಿಡಿದುಕೊಂಡಿತು.

ಈ ಎರಡು ಪಂಗಡಗಳ ನಡುವೆ ನನಗೆ ಹೆಚ್ಚು ಕುತೂಹಲ ಹುಟ್ಟಿಸಿದವರು ಅಶ್ವತ್ಥ್ ದಾಮೋದರನ್. ಮದ್ರಾಸಿನಲ್ಲಿ, ಆಮೇಲೆ ಬೆಂಗಳೂರಿನ ಐಐಎಂನಲ್ಲಿ ಓದಿ, ಈಗ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಕಂಪನಿಗಳ ಮೌಲ್ಯಮಾಪನ ಕಲಿಸುವ ಪ್ರಾಧ್ಯಾಪಕರು. ಅಂಕಿಯ ಹಿಂದೆ ಯಾವಾಗಲೂ ಒಂದು ಕತೆಯಿರುತ್ತದೆ, ಕತೆಯನ್ನು ಅಂಕಿಯಿಂದ ಒರೆಗೆ ಹಚ್ಚಬೇಕು ಎನ್ನುವುದು ಅವರ ಪಾಠ. 2013ರಲ್ಲಿ ಟೆಸ್ಲಾ ಷೇರು 168 ಡಾಲರಿನ ಆಸುಪಾಸಿನಲ್ಲಿದ್ದಾಗ ಅವರ ಲೆಕ್ಕ ತೋರಿಸಿದ ಬೆಲೆ 67.12 ಡಾಲರ್. 2019ರಲ್ಲಿ 180ರ ಹತ್ತಿರ ಸ್ವತಃ ಷೇರು ಕೊಂಡರು, 2020ರ ಜನವರಿಯಲ್ಲಿ 640ರ ಆಸುಪಾಸಿನಲ್ಲಿ ಮಾರಿದರು. ಆ ವರ್ಷದ ಕೊನೆಗೆ ಅದು ಇನ್ನೂ ಹಲವು ಪಟ್ಟು ಏರಿತ್ತು. ಇಷ್ಟು ತಿಳಿದವರಿಗೂ ಒಮ್ಮೆ ಅತಿ ದುಬಾರಿಯಾಗಿ, ಒಮ್ಮೆ ಅಗ್ಗವಾಗಿ, ಮತ್ತೆ ದುಬಾರಿಯಾಗಿ ಕಂಡ ಷೇರು ಅದು. ಪೇಟೆಯ ಬೆಲೆ ತೀರ್ಪಲ್ಲ, ಇನ್ನೂ ಮುಗಿಯದ ವಾದ ಎಂದು ನನಗೆ ಹೊಳೆದದ್ದು ಈ ಅಂಕಿಗಳನ್ನು ಬರೆದಿಟ್ಟುಕೊಳ್ಳುವಾಗ.

ಆದರೆ ಈ ವಾದ ಕಾರ್ಖಾನೆಯ ಹೊರಗೆ ನಿಂತು ನಡೆಯುವ ವಾದವಲ್ಲ. ಇದೇ ನನ್ನ ಮಾರ್ಗದರ್ಶಕರ ಪ್ರಶ್ನೆಗೆ ಸಿಕ್ಕ ಮೊದಲ ತುಂಡು ಉತ್ತರ. 2020ರಲ್ಲಿ ಟೆಸ್ಲಾ ಮೂರು ಸಲ ಹೊಸ ಷೇರು ಮಾರಿ 1,200 ಕೋಟಿ ಡಾಲರಿಗೂ ಹೆಚ್ಚು ಹಣ ಎತ್ತಿತು. ಡಿಸೆಂಬರಿನಲ್ಲಿ ಮಾರಿದ 500 ಕೋಟಿ ಡಾಲರ್ ಷೇರಿನ ಲೆಕ್ಕ ನೋಡಿ. ಆಗ ಕಂಪನಿಯ ಮೌಲ್ಯ ಸುಮಾರು 60,000 ಕೋಟಿ ಡಾಲರ್. ಅಷ್ಟು ಹಣಕ್ಕೆ ಹಳೆಯ ಷೇರುದಾರರು ಬಿಟ್ಟುಕೊಟ್ಟದ್ದು ನೂರರಲ್ಲಿ ಒಂದಕ್ಕಿಂತ ಕಡಿಮೆ ಪಾಲು. ಅದರ ಹತ್ತನೇ ಒಂದು ಭಾಗದಷ್ಟು ಮೌಲ್ಯದ ಹಳೆಯ ಕಂಪನಿ ಅಷ್ಟೇ ಹಣ ಎತ್ತಬೇಕಾದರೆ ಎಂಟು ಪಾಲು ಬಿಟ್ಟುಕೊಡಬೇಕು. ಷೇರಿನ ಬೆಲೆ ಹೆಚ್ಚಿದ್ದವರಿಗೆ ದುಡ್ಡು ಅಗ್ಗ. ಅಗ್ಗದ ದುಡ್ಡೆಂದರೆ ಹೊಸ ಕಾರ್ಖಾನೆ, ಹೊಸ ಕಾರ್ಖಾನೆಯೆಂದರೆ ಇಳಿಯುವ ಖರ್ಚು, ತಪ್ಪು ಮಾಡಿ ತಿದ್ದಿಕೊಳ್ಳಲು ಸಿಗುವ ಇನ್ನೆರಡು ವರ್ಷ. ಭವಿಷ್ಯವನ್ನು ಊಹಿಸುತ್ತೇವೆ ಎಂದುಕೊಂಡ ಹೂಡಿಕೆದಾರರು ಆ ಭವಿಷ್ಯಕ್ಕೆ ಇಟ್ಟಿಗೆಯನ್ನೂ ಹೊರುತ್ತಿದ್ದರು.

ಟೆಸ್ಲಾ ಮೊದಲ ಬಾರಿ ಇಡೀ ವರ್ಷದ ಲಾಭ ಕಂಡದ್ದೂ 2020ರಲ್ಲೇ: 72.1 ಕೋಟಿ ಡಾಲರ್. ಅದೇ ವರ್ಷ ಮಾಲಿನ್ಯ ನಿಯಮ ಪಾಲಿಸಲಾಗದ ಬೇರೆ ಕಾರು ಕಂಪನಿಗಳು ಟೆಸ್ಲಾದಿಂದ ಕೊಂಡ ಕ್ರೆಡಿಟ್‌ಗಳ ಹಣ 158 ಕೋಟಿ ಡಾಲರ್. ಈ ಹಣ ಇಲ್ಲದಿದ್ದರೆ ಆ ವರ್ಷವೂ ನಷ್ಟವೇ. ನೂರು ವರ್ಷದ ಹಿಂದೆ ಎಲೆಕ್ಟ್ರಿಕ್ ಕಂಪನಿ ಪೆಟ್ರೋಲ್ ಕಾರಿನ ರಾಯಧನದಿಂದ ಉಸಿರಾಡಿದ್ದು ನೆನಪಾಗುತ್ತದೆ. ಅಂದು ಪೇಟೆಂಟ್ ಕಾಗದ, ಇಂದು ಮಾಲಿನ್ಯದ ಕಾಗದ. ವ್ಯತ್ಯಾಸವೆಂದರೆ ಈ ಸಲ ಬಂದ ಹಣ ಕಾರಿಗೆ ಖರ್ಚಾಯಿತು.

* * *

ಹಾಗೆಂದು ಕಾಯುವ ದುಡ್ಡೆಲ್ಲ ಒಳ್ಳೆಯದು ಎಂದು ಬರೆದುಬಿಟ್ಟರೆ ಅದು ಇನ್ನೊಂದು ತಪ್ಪು ವಾಕ್ಯವಾಗುತ್ತದೆ. 2020ರ ಜುಲೈ 1ರಂದು ಟೆಸ್ಲಾ ಟೊಯೊಟಾವನ್ನೂ ದಾಟಿ ಜಗತ್ತಿನ ಅತಿ ಬೆಲೆಯ ಕಾರು ಕಂಪನಿಯಾಯಿತು. ‘ಇನ್ನೊಂದು ಟೆಸ್ಲಾ ಯಾವುದು’ ಎಂದು ಹುಡುಕುವ ಜ್ವರ ಅದಕ್ಕೂ ಮುಂಚೆಯೇ ಏರಿತ್ತು. ಜೂನ್ ತಿಂಗಳಲ್ಲಿ ನಿಕೋಲಾ ಎಂಬ ಲಾರಿ ಕಂಪನಿ, ಇನ್ನೂ ಒಂದು ಲಾರಿಯನ್ನೂ ಮಾರದೆ, ಕೆಲ ಹೊತ್ತು ಫೋರ್ಡಿಗಿಂತ ಹೆಚ್ಚು ಬೆಲೆ ಬಾಳಿತು. ಅದರ ಪ್ರಚಾರದ ವಿಡಿಯೊದಲ್ಲಿ ಓಡುತ್ತಿದ್ದ ಲಾರಿ ತನ್ನ ಬಲದಿಂದ ಓಡುತ್ತಿರಲಿಲ್ಲ, ಇಳಿಜಾರಿನಲ್ಲಿ ಉರುಳುತ್ತಿತ್ತು ಎಂಬುದು ಆಮೇಲೆ ಬಯಲಾಯಿತು. ಸಂಸ್ಥಾಪಕ ಟ್ರೆವರ್ ಮಿಲ್ಟನ್ ವಂಚನೆಯ ಅಪರಾಧಿ ಎಂದು 2022ರಲ್ಲಿ ನ್ಯಾಯಾಲಯದಲ್ಲಿ ತೀರ್ಮಾನವಾಯಿತು, 2025ರಲ್ಲಿ ಅವರಿಗೆ ಅಧ್ಯಕ್ಷರ ಕ್ಷಮಾದಾನ ಸಿಕ್ಕಿತು. ಕಂಪನಿ ಆ ವರ್ಷವೇ ದಿವಾಳಿಯಾಯಿತು. 2021ರ ನವೆಂಬರಿನಲ್ಲಿ ಷೇರುಪೇಟೆಗೆ ಬಂದ ರಿವಿಯನ್ ಸುಮಾರು 1,200 ಕೋಟಿ ಡಾಲರ್ ಎತ್ತಿತು, ವಾರದೊಳಗೆ ಜನರಲ್ ಮೋಟಾರ್ಸಿಗಿಂತ ಹೆಚ್ಚು ಬೆಲೆ ಪಡೆಯಿತು. ಅದು ಅಲ್ಲಿಯವರೆಗೆ ಕೊಟ್ಟಿದ್ದ ಕಾರುಗಳು ಸುಮಾರು ನೂರೈವತ್ತು, ಅವೂ ಬಹುಪಾಲು ತನ್ನದೇ ನೌಕರರಿಗೆ. ರಿವಿಯನ್ ನಿಜವಾದ ಕಾರು ಮಾಡಿತು, ಇಂದಿಗೂ ಮಾಡುತ್ತಿದೆ. ಆದರೆ ಆ ದಿನಗಳಲ್ಲಿ ಪೇಟೆಗೆ ನಿಜದ ಕಾರಿಗೂ ಇಳಿಜಾರಿನ ಲಾರಿಗೂ ನಡುವಿನ ವ್ಯತ್ಯಾಸ ಕಂಡಿರಲಿಲ್ಲ. ವಿಟ್ನಿಯ ಕಾಲದ ಷೇರುಗಳು ಹೀಗೆಯೇ ಖರ್ಚಾಗಿರಬೇಕು.

ತಾಳ್ಮೆಗೆ ನಿಜವಾದ ಉದಾಹರಣೆ ಬೇಕಿದ್ದರೆ ಚೀನಾ ಕಡೆ ತಿರುಗಬೇಕು. ವಾಂಗ್ ಚುವಾನ್‌ಫು 1995ರಲ್ಲಿ ಬ್ಯಾಟರಿ ತಯಾರಿಸಲು ಕಟ್ಟಿದ ಬಿವೈಡಿ 2003ರಲ್ಲಿ ಒಂದು ಸಣ್ಣ ಕಾರು ಕಾರ್ಖಾನೆ ಕೊಂಡಾಗ ಹಾಂಗ್‌ಕಾಂಗಿನ ಹೂಡಿಕೆದಾರರು ಸಿಟ್ಟಿನಿಂದ ಷೇರು ಮಾರಿದರು, ಬೆಲೆ ಕುಸಿಯಿತು. 2008ರಲ್ಲಿ ವಾರನ್ ಬಫೆಟ್ ಅವರ ಬರ್ಕ್‌ಷೈರ್ ಹ್ಯಾಥವೇ 23 ಕೋಟಿ ಡಾಲರ್ ಕೊಟ್ಟು ಸುಮಾರು ಹತ್ತನೇ ಒಂದು ಪಾಲು ಕೊಂಡಿತು. 2022ರವರೆಗೆ ಒಂದು ಷೇರನ್ನೂ ಮಾರಲಿಲ್ಲ. ಚೀನಾ ಸರ್ಕಾರದ ನೀತಿ, ಸಹಾಯಧನ ಇವೂ ಜೊತೆಗಿದ್ದವು. 2023ರ ಕೊನೆಯ ಮೂರು ತಿಂಗಳಲ್ಲಿ ಪೂರ್ಣ ವಿದ್ಯುತ್ ಕಾರುಗಳ ಮಾರಾಟದಲ್ಲಿ ಬಿವೈಡಿ ಟೆಸ್ಲಾವನ್ನು ಹಿಂದಿಕ್ಕಿತು. ತಾಳಿದವನು ಬಾಳಿಯಾನು ಎನ್ನುತ್ತೇವಲ್ಲ, ಆ ಗಾದೆಯಲ್ಲಿ ಒಂದು ಮಾತು ಬಿಟ್ಟುಹೋಗಿದೆ. ತಾಳಲು ಯಾರಾದರೂ ಖರ್ಚು ಕೊಡಬೇಕು.

* * *

ಈಗ ಮತ್ತೆ ಬೊಮ್ಮಸಂದ್ರಕ್ಕೆ. ರೇವಾಗೂ ತಾಳ್ಮೆ ಇತ್ತು. 1994ರಿಂದ 2001ರವರೆಗೆ ಏಳು ವರ್ಷ ಕಾರನ್ನೇ ಕಟ್ಟಿದ್ದರು. ಆಮೇಲೆ ಒಂಬತ್ತು ವರ್ಷ ಮಾರಿದರು, ಲಿಥಿಯಂ ಬ್ಯಾಟರಿಯ ಮಾದರಿಯನ್ನೂ ತಂದರು. 2009ರಲ್ಲಿ ಜನರಲ್ ಮೋಟಾರ್ಸಿನ ಭಾರತದ ಶಾಖೆ ತನ್ನ ಸ್ಪಾರ್ಕ್ ಕಾರಿನ ವಿದ್ಯುತ್ ಮಾದರಿಯನ್ನು ರೇವಾ ಜೊತೆ ಸೇರಿ ಮಾಡುವುದಾಗಿ ಹೇಳಿತು. ಮಹೀಂದ್ರಾ ಪಾಲು ಕೊಂಡ ಮೇಲೆ ಆ ಒಪ್ಪಂದ ಮುರಿಯಿತು. ಇವಿ1 ಗುಜರಿ ಸೇರಿದ ಕೆಲವೇ ವರ್ಷಕ್ಕೆ ಜನರಲ್ ಮೋಟಾರ್ಸ್ ವಿದ್ಯುತ್ ಕಾರಿನ ತಿಳಿವಳಿಕೆಗಾಗಿ ಬೆಂಗಳೂರಿನ ಬಾಗಿಲು ತಟ್ಟಿತ್ತು ಎನ್ನುವುದನ್ನು ನಾವು ಮರೆತೇಬಿಟ್ಟಿದ್ದೇವೆ.

ರೇವಾಗೆ ಇಲ್ಲದಿದ್ದದ್ದು ತನ್ನ ತಾಳ್ಮೆಯ ಜೊತೆ ಕಾಯುವ ದುಡ್ಡು. 46.5 ಕೋಟಿ ಡಾಲರಿನ ಸರ್ಕಾರಿ ಸಾಲವಿರಲಿಲ್ಲ, ಹಳಬರಿಂದ ಹಣ ತರುವ ಕ್ರೆಡಿಟ್ ವ್ಯವಸ್ಥೆಯಿರಲಿಲ್ಲ, ನಷ್ಟದ ಕಂಪನಿಯ ಷೇರನ್ನು ಕನಸಿನ ಬೆಲೆಗೆ ಕೊಳ್ಳುವ ಪೇಟೆಯಿರಲಿಲ್ಲ. ಎಲೆಕ್ಟ್ರಿಕ್ ವಾಹನಗಳಿಗೆ ಪ್ರೋತ್ಸಾಹ ಕೊಡುವ ಕೇಂದ್ರ ಸರ್ಕಾರದ ಫೇಮ್ ಯೋಜನೆ ಜಾರಿಗೆ ಬಂದದ್ದು 2015ರಲ್ಲಿ, ರೇವಾ ರಸ್ತೆಗಿಳಿದ ಹದಿನಾಲ್ಕು ವರ್ಷದ ಮೇಲೆ. 2021ರಲ್ಲಿ ಟಾಟಾ ಮೋಟಾರ್ಸ್ ತನ್ನ ಎಲೆಕ್ಟ್ರಿಕ್ ಕಾರಿನ ವಹಿವಾಟನ್ನು ಬೇರೆ ಕಂಪನಿಯಾಗಿ ಮಾಡಿದಾಗ ಟಿಪಿಜಿ ಮುಂತಾದ ಹೂಡಿಕೆದಾರರು 7,500 ಕೋಟಿ ರೂಪಾಯಿ ಹಾಕಲು ಒಪ್ಪಿದರು. ಅದೇ ದೇಶ, ಅದೇ ರಸ್ತೆ. ಅಷ್ಟರಲ್ಲಿ ದುಡ್ಡಿಗೆ ಎಲೆಕ್ಟ್ರಿಕ್ ಕಾರಿನ ಕತೆ ಅರ್ಥವಾಗತೊಡಗಿತ್ತು, ಏಕೆಂದರೆ ಆ ಕತೆಯನ್ನು ಬೇರೆಲ್ಲೋ ಬೇರೆ ಯಾರೋ ಹೇಳಿ ಗೆದ್ದಿದ್ದರು.

ರೇವಾದ ಕಾರು ಇನ್ನೂ ಚೆನ್ನಾಗಿರಬಹುದಿತ್ತು ಎನ್ನುವವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಇನ್ನೂ ಚೆನ್ನಾಗಿ ಮಾಡುವುದಕ್ಕೆ ಬೇಕಾಗುವುದು ಸಮಯ, ಸಮಯಕ್ಕೆ ಬೆಲೆಯಿದೆ, ಆ ಬೆಲೆ ಎಲ್ಲ ಊರಿನಲ್ಲೂ ಒಂದೇ ಅಲ್ಲ. ತಂತ್ರಜ್ಞಾನದ ಇತಿಹಾಸ ಬರೆಯುವ ನಾವು ಯಾರ ಕಾರು ಎಷ್ಟು ದೂರ ಓಡಿತು ಎಂದು ಅಳೆಯುತ್ತೇವೆ. ಯಾರಿಗೆ ಎಷ್ಟು ವರ್ಷ ಸೋಲಲು ಬಿಟ್ಟರು ಎನ್ನುವುದನ್ನೂ ಅಳೆಯಬೇಕು.

ಕರಡಿನ ಆ ವಾಕ್ಯವನ್ನು ಹೊಡೆದು ಹಾಕಿದ್ದೇನೆ. ಅದರ ಜಾಗದಲ್ಲಿ ಈಗ ಇರುವುದು ಹೀಗೆ: ‘2010ರ ಮೇ ಮತ್ತು ಜೂನ್ ತಿಂಗಳುಗಳಲ್ಲಿ ಎರಡು ಎಲೆಕ್ಟ್ರಿಕ್ ಕಾರು ಕಂಪನಿಗಳ ಕೈಯಲ್ಲಿದ್ದ ದುಡ್ಡು ಮುಗಿಯುತ್ತಾ ಬಂದಿತ್ತು. ಒಂದಕ್ಕೆ ಇನ್ನಷ್ಟು ಕಾಲ ಸಿಕ್ಕಿತು, ಇನ್ನೊಂದಕ್ಕೆ ಹೊಸ ಮಾಲೀಕರು ಸಿಕ್ಕರು.’ ಮೊದಲಿನಷ್ಟು ಖಡಕ್ಕಾಗಿಲ್ಲ ನಿಜ. ಮಾರ್ಗದರ್ಶಕರು ಈ ಸಲ ಪಕ್ಕದಲ್ಲಿ ಏನೂ ಬರೆದಿಲ್ಲ.